ಬಾವಿಯ ಬದಿಯ ಎಂಟು ಮನೆಗಳು

ಈ ಹೊತ್ತು ಬೆಳಿಗ್ಗೆ ಮನೆಯ ಹಿಂದಿನ ಹೊಲದಲ್ಲಿ ಯಾರೋ ಸುಣ್ಣದ ಪುಡಿ ಚೆಲ್ಲಿ ಹೊಸ ಪ್ಲಾಟುಗಳ ಗೆರೆ ಎಳೆಯುತ್ತಿದ್ದರು. ಗಾಳಿ ಆ ವಾಸನೆಯನ್ನು ನನ್ನ ಚಹಾದ ಬಸಿಯವರೆಗೆ ತಂದಿತು. ಚಹಾ ಹಾಗೇ ಉಳಿಯಿತು. ಸುಣ್ಣದ ವಾಸನೆಗೆ ಚಹಾ ಬಿಡುವ ಮುದುಕ ನಾನೊಬ್ಬನೇ ಇರಬೇಕು, ನಗಬೇಡಿ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನು ವಿಜಾಪುರದ ಒಂದು ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸಕ್ಕಿದ್ದೆ. ಸೈನ್ಯದಿಂದ ಮರಳಿದವರಿಗೂ ಮರಳದವರ ಹೆಂಡಂದಿರಿಗೂ ತಿಕೋಟಾ ದಾರಿಯ ಬೀಳುನೆಲದಲ್ಲಿ ಮನೆ ಕಟ್ಟಿಸುವುದಿತ್ತು. ಒಂದು ಊರನ್ನೇ ಹುಟ್ಟಿಸುತ್ತಿದ್ದೇನೆಂಬ ಗತ್ತು ನನಗೆ. ಮೀಸೆ ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ, ಅದು ಬೇರೆ ಮಾತು.

ಗಂಡನಿಲ್ಲದ ಹೆಣ್ಣುಮಕ್ಕಳು ದೂರದಿಂದ ನೀರು ಹೊರಬಾರದೆಂದು ಅವರ ಎಂಟು ಮನೆಗಳನ್ನು ಬಾವಿಯ ಬದಿಗೆ ಒಂದೇ ಸಾಲಿನಲ್ಲಿ ಇಟ್ಟೆ. ಅದನ್ನು ಕರುಣೆ ಎಂದೇ ತಿಳಿದಿದ್ದೆ. ಬೆಳಿಗ್ಗೆ ವಿಧವೆ ಎದುರಾದರೆ ಹೋದ ಕೆಲಸ ಕೆಡುತ್ತದೆಂದು ನಂಬುವ ನಾಡು ನಮ್ಮದು. ಪರೀಕ್ಷೆಯ ದಿನ ನೆರೆಮನೆಯ ಮುದುಕಿ ಒಳಗೆ ಹೋಗುವ ತನಕ ನಮ್ಮವ್ವ ನನ್ನನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಅಡಿಪಟ್ಟಿ ಕೈಗೆ ಬಂದಾಗ ಮಾತ್ರ ನನಗೆ ಅದು ನೆನಪಾಗಲಿಲ್ಲ. ಸಾಹೇಬರಿಗೆ ತೋರಿಸಲೆಂದು ನೆಲದ ಮೇಲೆ ಸುಣ್ಣ ಹಾಕಿದ ದಿನವೇ ಜನ ಆ ಸಾಲಿಗೆ ‘ರಂಡೇರ ಓಣಿ’ ಎಂದು ಹೆಸರಿಟ್ಟರು.

ಮರುದಿನ ಗಂಗವ್ವ ಕಚೇರಿಗೆ ನಡೆದು ಬಂದಳು. ಬರ್ಮಾದಲ್ಲಿ ಗಂಡನನ್ನು ಕಳೆದುಕೊಂಡವಳು. ಜೊತೆಗೆ ಮದುವೆಯ ವಯಸ್ಸಿನ ಮಗಳು.

“ಯಪ್ಪಾ, ನಮ್ಮನ್ನೆಲ್ಲಾ ಒಂದ ಕಡೆ ಗುಂಪಿ ಹಾಕಬ್ಯಾಡ್ರಿ,” ಎಂದಳು. “ಗಂಡಸರಿದ್ದ ಮನಿ ನಡುವ ಒಂದೊಂದ ಹಾಕ್ರಿ. ನೀರ ಎಷ್ಟ ದೂರ ಇದ್ರೂ ಹೊರತೇನಿ. ಈ ಓಣಿಗೆ ನನ್ನ ಮಗಳನ್ನ ನೋಡಾಕ ಯಾರ ಬರತಾರ?”

“ಸಾಹೇಬ್ರ ಸಹಿ ಆಗೇತ್ರಿ. ನನ್ನ ಕೈಯಾಗ ಏನೂ ಇಲ್ಲ,” ಎಂದೆ.

ಹಸಿ ಸುಳ್ಳು. ನಕಾಶೆ ಇನ್ನೂ ಪೆನ್ಸಿಲ್ಲಿನಲ್ಲೇ ಇತ್ತು, ಸಹಿಗೆ ಹೋಗಿರಲೇ ಇಲ್ಲ. ಅಳಿಸಿ ಬರೆಯಲು ಮೂರು ದಿನ ಬೇಕು, ಮೇಲಾಗಿ ಸಾಲು ಬಹಳ ಅಂದವಾಗಿ ಬಂದಿತ್ತು. ಆ ಸಂಜೆಯೇ ಶಾಯಿ ಹಾಕಿಬಿಟ್ಟೆ.

ಮನೆಗಳೆದ್ದವು. ಬೆಳಗಿನ ಹೊತ್ತು ಆ ಬಾವಿಗೆ ಬೇರೆ ಓಣಿಯವರು ಬರುವುದು ನಿಂತಿತು. ಮಮದಾಪುರದಿಂದ ಹೆಣ್ಣು ನೋಡಲು ಬಂದವರು, ಬಾವಿಕಟ್ಟೆಯ ಮೇಲೆ ಕೂತಿದ್ದ ಮೂವರು ವಿಧವೆಯರನ್ನು ಕಂಡು ಓಣಿಯ ಬಾಯಲ್ಲೇ ಗಾಡಿ ತಿರುಗಿಸಿದರಂತೆ. ಎರಡನೆಯ ಸಲವೂ ಹಾಗೇ ಆದಾಗ ಗಂಗವ್ವ ಹೊಸ ಮನೆಗೆ ಕೀಲಿ ಹಾಕಿ ಬಬಲೇಶ್ವರದ ಅಣ್ಣನ ದನದ ಕೊಟ್ಟಿಗೆ ಸೇರಿದಳು. ಮಗಳನ್ನು ಕಡೆಗೆ ಅವಳ ಎರಡರಷ್ಟು ವಯಸ್ಸಿನವನಿಗೆ ಎರಡನೆಯ ಸಂಬಂಧ ಕೊಟ್ಟರು.

ಅದಾಗಿ ವರ್ಷದ ಮೇಲೆ ಬಬಲೇಶ್ವರಕ್ಕೆ ಹೋದಾಗ ಗಂಗವ್ವನೇ ನನ್ನನ್ನು ಗುರುತಿಸಿ ಕರೆದು, ಕೊಟ್ಟಿಗೆಯಲ್ಲಿ ಕಂಬಳಿ ಹಾಸಿ ಕೂಡಿಸಿದಳು. “ಆ ನಕಾಶಿ...” ಎಂದು ಬಾಯಿ ತೆಗೆದೆ.

“ನೀವ್ಯಾಕ ಮನಸ್ಸಿಗೆ ಹಚ್ಚಿಕೊಂತೀರಿ? ಸಾಹೇಬ್ರ ಸಹಿ ಆದಮ್ಯಾಲ ನೀವರ ಏನ ಮಾಡ್ತಿದ್ರಿ? ಮಜ್ಜಿಗಿ ಕುಡೀರಿ.”

ಕುಡಿದೆ. ತಂಬಿಗೆ ಖಾಲಿ ಮಾಡಿ, ಕೈಮುಗಿದು ಬಂದೆ.

ಇಷ್ಟು ವರ್ಷ ನನ್ನನ್ನು ಕಾಡಿದ್ದು ಆ ಬಾವಿಯ ಬದಿಯ ಸಾಲು ಎಂದುಕೊಂಡಿದ್ದೆ. ಅಂಥ ತಪ್ಪನ್ನು ಯಾರಾದರೂ ಮಾಡಿಯಾರು ಎಂದು ಇಂದು ನಿಮಗೆ ಹೇಳುತ್ತ ಹೇಳುತ್ತ ಅನಿಸಿತು. ಗಂಗವ್ವ ಕ್ಷಮಿಸಿದ್ದು ಆಗಿರದ ಒಂದು ಸಹಿಯನ್ನು. ನನ್ನನ್ನು ಕ್ಷಮಿಸಬೇಕೋ ಬೇಡವೋ ಎಂದು ಅವಳನ್ನು ನಾನು ಕೇಳಲೇ ಇಲ್ಲ, ಈಗ ಕೇಳಲು ಅವಳಿಲ್ಲ.