ಟೈರು ಜೋಯಿಸ ಸಡೆಯಪ್ಪನ್

ಕೊಲ್ಲಿಮಲೆಯ ಮೇಲಿನ ಸೋಳಕ್ಕಾಡು ಎಂಬ ಊರಿನ ಸಡೆಯಪ್ಪನ್ ಬೆಳಿಗ್ಗೆ ಎದ್ದರೆ ಮುಖ ತೊಳೆಯುವುದಕ್ಕೂ ಮೊದಲು ಜೀಪಿನ ಟೈರು ಮುಟ್ಟುತ್ತಿದ್ದ. ಬಿಸಿಲೇರಿ ರಬ್ಬರು ಕಾಯುವ ಮುಂಚೆ, ಗಾಡಿ ಇನ್ನೂ ಒಂದು ಮಾರು ಕೂಡ ಕದಲದಿರುವಾಗ ಅಳೆದ ಗಾಳಿಯೇ ನಿಜವಾದ ಗಾಳಿ ಎನ್ನುವುದು ಅವನ ನಂಬಿಕೆ. ಗೀರುಗಳಲ್ಲಿ ಸಿಕ್ಕಿಕೊಂಡ ಚೂಪುಗಲ್ಲುಗಳನ್ನು ಹಳೆಯ ಸ್ಕ್ರೂಡ್ರೈವರಿನಿಂದ ಎಬ್ಬಿಸುತ್ತಿದ್ದ. ಒಂದು ನಾಣ್ಯವನ್ನು ಗೀರಿಗಿಳಿಸಿ ಎಷ್ಟು ಮುಳುಗಿತೆಂದು ನೋಡುತ್ತಿದ್ದ. ಕೊನೆಗೆ ಅಂಗೈಯನ್ನು ಟೈರಿನ ಹೊರಮೈ ಒಳಮೈಗಳ ಮೇಲೆ ಸುತ್ತಲೂ ಆಡಿಸುತ್ತಿದ್ದ. ಹಿಂಬದಿಗೆ ನೇತುಹಾಕಿದ ಐದನೆಯ ಟೈರಿಗೂ ಇದೇ ಉಪಚಾರ. ಕೆಳಗಿನ ಸಂತೆಗೆ ಮೆಣಸು, ಅನಾನಸು ಒಯ್ಯುವ ಹೆಂಗಸರು ಮೂಟೆಗಳ ಮೇಲೆ ಕೂತು ಈ ಕೆಲಸ ಮುಗಿಯುವುದನ್ನೇ ಕಾಯುತ್ತಿದ್ದರು.

"ಜೋಯಿಸ್ರೇ, ಕೈ ಏನನ್ನುತ್ತೆ? ಈ ವರ್ಷಾನಾದ್ರೂ ನಂಗೆ ಮೊಮ್ಮಗು ಆಗುತ್ತಾ?" ಎಂದು ಒಬ್ಬಳು ಕೇಳಿದರೆ ಅವನು ತಲೆಯೆತ್ತದೆ, "ಎಡಗಡೆ ಟೈರು ಆಗುತ್ತೆ ಅಂತಿದೆ. ಬಲಗಡೇದು ಸೊಸೇನ ಕೇಳು ಅಂತಿದೆ" ಎನ್ನುತ್ತಿದ್ದ.

ಹೀಗೆ ಅವನಿಗೆ ಟೈರು ಜೋಯಿಸನೆಂಬ ಹೆಸರು ಬಿತ್ತು. ಮಲೆಯಿಂದ ಕೆಳಗಿಳಿಯುವ ಎಪ್ಪತ್ತು ತಿರುವುಗಳ ಇಳಿಜಾರಿನಲ್ಲಿ ಹದಿನೆಂಟು ವರ್ಷ ಬಾಡಿಗೆ ಜೀಪು ಓಡಿಸಿದರೂ ಒಬ್ಬರ ಮೊಣಕೈಯೂ ತರಚಿದ್ದಿಲ್ಲ. ಸಡೆಯಪ್ಪನ ಗಾಡಿಯೆಂದರೆ ಬಸುರಿ ಹೆಂಗಸರನ್ನು ಕಣ್ಣುಮುಚ್ಚಿ ಹತ್ತಿಸುತ್ತಿದ್ದರು. ಯಾರಾದರೂ ಹೊಗಳಿದರೆ ಅವನು ಮಾತು ಬದಲಿಸಿ ಬೇರೆಲ್ಲಿಗೋ ನೋಡುತ್ತಿದ್ದ. ಜನ ಅದನ್ನು ಸಂಕೋಚವೆಂದುಕೊಂಡಿದ್ದರು.

ಅವನ ಒಬ್ಬನೇ ಮಗ ಅರಪ್ಪಳಿಗೆ ಗಾಡಿಯ ಗಾಳಿಯೇ ಆಗದು. ಮೂರನೆಯ ತಿರುವು ಬರುವಷ್ಟರಲ್ಲಿ ಕಿಟಕಿಯಾಚೆ ತಲೆ ಹಾಕುವವನು. ಮೆಣಸಿನ ಬಳ್ಳಿ ನೋಡಿಕೊಂಡು ಮಲೆಯ ಮೇಲೆಯೇ ಇದ್ದುಬಿಟ್ಟ. ಸ್ಟೀರಿಂಗ್ ಹಿಡಿದವಳು ಸೊಸೆ ತೇನ್ಮೊಳಿ. ಮದುವೆಯಾಗಿ ಬಂದ ಎರಡನೆಯ ವರ್ಷವೇ, "ಮಾವ, ನಂಗೂ ಕಲಿಸಿ" ಎಂದಳು. ಅತ್ತೆ ನಲ್ಲಮ್ಮ ಗೊಣಗಿದಳು. ಸಡೆಯಪ್ಪನ್ ಮಾತ್ರ ಒಪ್ಪಿದ. ಆದರೆ ಮೊದಲ ಒಂದು ತಿಂಗಳು ಸೀಟಿನ ಮೇಲೆ ಕೂರಲು ಬಿಡಲಿಲ್ಲ. ಚಕ್ರ ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು, ಇಷ್ಟೇ ಕೆಲಸ.

"ನಾನು ಮೆಕ್ಯಾನಿಕ್ ಆಗ್ಬೇಕಾ, ಡ್ರೈವರ್ ಆಗ್ಬೇಕಾ ಮಾವ?"

"ಇಳಿಜಾರಲ್ಲಿ ನಿನ್ನನ್ನ ಹಿಡಿದುಕೊಳ್ಳೋದು ಅಂಗೈ ಅಗಲದ ನಾಲ್ಕು ರಬ್ಬರು ತುಂಡು ಕಣಮ್ಮ. ಮೊದಲು ಅದರ ಪರಿಚಯ ಮಾಡ್ಕೋ."

ಅವಳು ಪರಿಚಯ ಮಾಡಿಕೊಂಡಳು. ಲೈಸೆನ್ಸು ಬಂದ ಮೇಲೆ ಮಲೆಯ ಮೇಲಿನ ಸವಾರಿಗಳು ಅವಳ ಪಾಲಿಗೆ, ಕೆಳಗಿಳಿಯುವ ಸವಾರಿಗಳು ಮಾವನ ಪಾಲಿಗೆ ಎಂದಾಯಿತು. ಎಪ್ಪತ್ತು ತಿರುವುಗಳನ್ನು ಅವಳು ಇಳಿದಿದ್ದು ಪಕ್ಕದಲ್ಲಿ ಮಾವ ಕೂತಿದ್ದಾಗ ಮಾತ್ರ.

ಕಾರ್ತಿಗೈ ತಿಂಗಳ ಒಂದು ಮಂಗಳವಾರ ಸಡೆಯಪ್ಪನಿಗೆ ಎದ್ದಾಗಲೇ ಸೊಂಟದ ಎಡಗಡೆ ಏನೋ ಹಿಡಿದುಕೊಂಡಂತಿತ್ತು. ಬಗ್ಗಲು ಆಗಲಿಲ್ಲ. ತೇನ್ಮೊಳಿ ಕಾಫಿ ಕೊಡುತ್ತ, "ಟೈರು ನೋಡಿದ್ರಾ ಮಾವ? ಇವತ್ತು ಸೆಮ್ಮೇಡು ಸವಾರಿಗೆ ನಾನು ಹೋಗ್ಬೇಕು" ಎಂದಳು.

"ನೋಡಿದೆ" ಎಂದ ಸಡೆಯಪ್ಪನ್. ನೋಡಿರಲಿಲ್ಲ.

ಕಾಫಿ ಮುಗಿಯುವಷ್ಟರಲ್ಲಿ ಆ ನೋವು ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಯ ಸಂದಿಗೆ ಇಳಿಯಿತು. ಲೋಟ ಕೆಳಗೆ ಬಿತ್ತು. ಅವನು ಜಗುಲಿಯ ಮೇಲೆ ಮುದುಡಿಕೊಂಡ. ಹಣೆಯ ಮೇಲೆ ಬೆವರು, ಬಾಯಲ್ಲಿ ಹಸಿರು ವಾಂತಿ. ಅವನ ಅಪ್ಪ ಹೀಗೆಯೇ ಹೊಟ್ಟೆ ಹಿಡಿದುಕೊಂಡು ಮಧ್ಯಾಹ್ನದೊಳಗೆ ಹೋಗಿಬಿಟ್ಟಿದ್ದ. ನಲ್ಲಮ್ಮನಿಗೂ ಅದೇ ನೆನಪಾಗಿ ಅಳು ಶುರುಮಾಡಿದಳು. ಅರಪ್ಪಳಿ ಆಂಬುಲೆನ್ಸಿಗೆ ಫೋನು ಮಾಡಿದ. ಅದು ಮಲೆಯ ಆಚೆ ಮಗ್ಗುಲಿಗೆ ಹೆರಿಗೆಗೆಂದು ಹೋಗಿತ್ತು. ಬರಲು ಒಂದೂವರೆ ತಾಸು.

"ನಾನೇ ಕರ್ಕೊಂಡು ಹೋಗ್ತೀನಿ" ಎಂದಳು ತೇನ್ಮೊಳಿ.

ಅಪ್ಪನನ್ನು ಮಗ ಹೊತ್ತು ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದ. ನಲ್ಲಮ್ಮ ತಲೆಯ ಬಳಿ ಕೂತಳು. ಬೀಗದ ಕೈ ತಿರುಗುವ ಸದ್ದಿಗಾಗಿ ಸಡೆಯಪ್ಪನ್ ಕಾದ. ಅದರ ಬದಲು ಕೇಳಿಸಿದ್ದು ಟೈರಿನ ಮೇಲೆ ಗೆಣ್ಣು ಬಡಿಯುವ ಸದ್ದು. ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ. ಮುಂದಿನ ಎಡಕ್ಕೆ ಬಂದಾಗ ಸದ್ದು ನಿಂತಿತು.

ಅವಳು ಕೆಸರಿನಲ್ಲೇ ಅಂಗಾತ ಮಲಗಿ ಟೈರಿನ ಒಳಮೈಗೆ ಕೈ ಹಾಕಿದ್ದಳು. ನೆಲ್ಲಿಕಾಯಿಯಷ್ಟು ದಪ್ಪದ ಉಬ್ಬು ಬೆರಳಿಗೆ ಸಿಕ್ಕಿತು.

"ಅತ್ತೆ, ಮಾವನ್ನ ಇಳಿಸಿ."

"ಏನೇ, ತಲೆ ಕೆಟ್ಟಿದೆಯಾ ನಿಂಗೆ?" ಎಂದ ಅರಪ್ಪಳಿ. "ಅಪ್ಪ ಸಾಯ್ತಿದಾರೆ, ಇವಳಿಗೆ ಟೈರು ಬೇಕಂತೆ."

"ಒಳಗಡೆ ನೂಲು ಹರಿದು ಉಬ್ಬಿದೆ. ಅರ್ಧ ದಾರೀಲಿ ಒಡೆದ್ರೆ ಎಲ್ಲರೂ ಒಟ್ಟಿಗೆ ಸಾಯಬಹುದು. ಬೇಗ ಇಳಿಸಿ. ಜಾಕು ಏರಿಸುವಾಗ ಗಾಡಿ ಒಳಗೆ ಯಾರೂ ಇರಬಾರ್ದು ಅಂತ ಹೇಳಿಕೊಟ್ಟಿದ್ದು ನಿಮ್ಮಪ್ಪಾನೇ."

ಜಗುಲಿಗೆ ವಾಪಸು ಬಂದು ಬಿದ್ದ ಸಡೆಯಪ್ಪನ್ ಹಲ್ಲುಕಚ್ಚಿಕೊಂಡು ಕೇಳಿಸಿಕೊಂಡ. ತೇನ್ಮೊಳಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು. ಗಾಡಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿದಳು. ಜಾಕು ಏರಿತು. ಐದನೆಯ ಟೈರು ಕೂತಿತು. ನಟ್ಟುಗಳನ್ನು ಎದುರುಬದುರಾಗಿ ಬಿಗಿದಳು, ಗಾಡಿ ಇಳಿಸಿ ಮತ್ತೊಮ್ಮೆ ಬಿಗಿದಳು. ಅರಪ್ಪಳಿ ಬೈಯುತ್ತಲೇ ಇದ್ದ. ಒಟ್ಟು ಹತ್ತು ನಿಮಿಷ ಹಿಡಿದಿರಬಹುದು. ಆ ನೋವಿನಲ್ಲೂ ಅವಳು ಒಂದು ಹೆಜ್ಜೆಯನ್ನಾದರೂ ಬಿಟ್ಟಾಳೇನೋ ಎಂದು ಸಡೆಯಪ್ಪನ್ ಕಾದಿದ್ದ. ಅವಳು ಬಿಡಲಿಲ್ಲ.

ಅವನನ್ನು ಮತ್ತೆ ಹತ್ತಿಸಿಕೊಂಡು ಗಾಡಿ ಹೊರಟು ಮೊದಲ ತಿರುವು ಬಂತು. ಮಂಜು ಇಪ್ಪತ್ತು ಅಡಿಯಾಚೆ ಏನನ್ನೂ ತೋರಿಸುತ್ತಿರಲಿಲ್ಲ. ತೇನ್ಮೊಳಿ ಎರಡನೆಯ ಗೇರು ಹಾಕಿ, ಇಂಜಿನ್ನೇ ಗಾಡಿಯನ್ನು ತಡೆಯುವಂತೆ ಬಿಟ್ಟು, ಬ್ರೇಕನ್ನು ತಿರುವು ಬಂದಾಗ ಮಾತ್ರ ಮುಟ್ಟುತ್ತಿದ್ದಳು. ಪ್ರತಿ ತಿರುವಿಗೂ ಒಂದು ಉದ್ದನೆಯ ಹಾರನ್ನು, ಆಮೇಲೆ ಒಂದು ಕ್ಷಣ ಕಿವಿಗೊಡುವುದು. ಅರಪ್ಪಳಿ ಆಗಲೇ ಕಿಟಕಿಯಾಚೆ ತಲೆ ಹಾಕಿದ್ದ.

"ನಿನ್ನೆ ಸಾಯಂಕಾಲ ಕಲ್ಲಿಗೆ ಹೊಡೆದ್ರಾ ಮಾವ?" ಕೇಳಿದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಹೂಂ. ಗಿರಣಿ ಹತ್ರ, ಬಸ್ಸಿಗೆ ಜಾಗ ಬಿಡುವಾಗ."

"ಬೆಳಿಗ್ಗೆ ನೋಡಿದೆ ಅಂದ್ರಲ್ಲ."

ಮೂರು ತಿರುವು ಕಳೆದವು. ನೋವು ಮತ್ತೆ ಉಕ್ಕಿಬಂತು. ಸತ್ತೇ ಹೋಗುತ್ತೇನೆಂದು ಖಚಿತವಾದಾಗ ಅವನ ಬಾಯಿಂದ ಮಾತು ತಾನಾಗಿ ಹೊರಟಿತು.

"ಆವತ್ತೂ ಹೀಗೇ ಅಂದೆ ಕಣಮ್ಮ. ಓಂಗೋಲಿನ ಹತ್ರ. ನಾನೂ ಜೊತೆ ಡ್ರೈವರು ಪೆರಿಯಣ್ಣನೂ ಮೊಟ್ಟೆ ಲಾರಿ ತಗೊಂಡು ಕಲ್ಕತ್ತಕ್ಕೆ ಹೋಗ್ತಿದ್ವಿ. ಬೆಳಗಿನ ಜಾವ ಗಾಡಿ ನಿಲ್ಲಿಸಿದ್ವಿ. ರಾಡು ತಗೊಂಡು ಟೈರು ಬಡಿಯೋ ಸರದಿ ನಂದು. ಮಳೆ ಬರ್ತಿತ್ತು. ನಾನು ಇಳೀಲೇ ಇಲ್ಲ. ನೋಡಿದ್ಯೇನೋ ಅಂದ. ನೋಡಿದೆ ಅಂದೆ. ಅವನು ಸ್ಟೀರಿಂಗ್ ಹಿಡಿದ, ನಾನು ಮಲಗಿದೆ."

"ಮಾತಾಡ್ಬೇಡ್ರೀ" ಎಂದಳು ನಲ್ಲಮ್ಮ.

"ಮುಂದಿನ ಟೈರು ಒಡೀತು. ಲಾರಿ ಮಗುಚ್ತು. ಪೆರಿಯಣ್ಣನ ಬಲಗೈ ಮೊಣಕೈಯಲ್ಲಿ ಮುರೀತು, ಆಮೇಲೆ ನೆಟ್ಟಗಾಗಲೇ ಇಲ್ಲ. ಜೋರಾಗಿ ಓಡಿಸಿದ ಅಂತ ಓನರು ಅವನನ್ನೇ ಬೈದು ಕಳಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹತ್ತೊಂಬತ್ತು ವರ್ಷ ಆಯ್ತು."

"ಮಾವ, ಸ್ವಲ್ಪ ಸುಮ್ನಿರಿ" ಎಂದಳು ತೇನ್ಮೊಳಿ. "ಕೆಳಗಿನಿಂದ ಏನೋ ಬರ್ತಿದೆ."

ಅವಳು ಗಾಡಿಯನ್ನು ಬೆಟ್ಟದ ಗೋಡೆಯ ಕಡೆಗೆ ಸರಿಸಿ ನಿಲ್ಲಿಸಿದಳು. ಮಂಜಿನೊಳಗಿಂದ ಸಿಮೆಂಟು ಲಾರಿಯೊಂದು ಏದುಸಿರು ಬಿಡುತ್ತ ಮೇಲೇರಿ ಬಂತು. ಏರುವವರಿಗೆ ದಾರಿ ಕೊಟ್ಟು, ಅದು ಪೂರ್ತಿ ದಾಟಿದ ಮೇಲೆಯೇ ಅವಳು ಕದಲಿದಳು. ಲಾರಿಯ ಡ್ರೈವರು ಕೈ ಎತ್ತಿ ಹೋದ. ತಾನು ಹೇಳಿದ್ದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ ಸಡೆಯಪ್ಪನಿಗೆ ತಿಳಿಯಲಿಲ್ಲ. ತಿರುವುಗಳನ್ನು ಬೆನ್ನಿನಲ್ಲೇ ಎಣಿಸುತ್ತ ಮಲಗಿದ. ಒಂದರಲ್ಲೂ ಗಾಡಿ ಕುಲುಕಲಿಲ್ಲ. ಮಲೆಯ ಬುಡದ ಕಾರವಳ್ಳಿಯ ಬಯಲು ಸಿಕ್ಕಿ ಚಕ್ರಗಳ ಸದ್ದು ಸಮನಾದಾಗ ನಲ್ಲಮ್ಮ ಬಿಟ್ಟ ಉಸಿರು ಅವನ ಮುಖಕ್ಕೆ ತಾಗಿತು.

ನಾಮಕ್ಕಲ್ಲಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟು ಸ್ಕ್ಯಾನು ಮಾಡಿದರು. ಸಣ್ಣ ವಯಸ್ಸಿನ ಡಾಕ್ಟರಮ್ಮ ಕಾಗದ ಹಿಡಿದುಕೊಂಡು ಬಂದಾಗ ನಾಲ್ಕು ಜನರೂ ಅವಳ ಬಾಯಿಯನ್ನೇ ನೋಡಿದರು.

"ಕಿಡ್ನಿಯಲ್ಲಿ ಕಲ್ಲು. ಐದು ಮಿಲಿಮೀಟರ್. ತಾನಾಗೇ ಬಿದ್ದು ಹೋಗುತ್ತೆ. ದಿನಕ್ಕೆ ಎಷ್ಟು ನೀರು ಕುಡೀತೀರಿ ತಾತ?"

"ಡ್ರೈವರು ನಾನು. ನೀರು ಕುಡಿದ್ರೆ ದಾರೀಲಿ ಗಾಡಿ ನಿಲ್ಲಿಸ್ಬೇಕಲ್ಲ ಅಂತ ಕುಡಿಯಲ್ಲ."

"ಇನ್ಮೇಲೆ ನಿಲ್ಲಿಸಿ."

"ಸಾಯಲ್ವಾ ಹಾಗಾದ್ರೆ?" ಎಂದು ಕೇಳಿದಳು ನಲ್ಲಮ್ಮ.

"ಇದರಿಂದ ಇಲ್ಲಮ್ಮ."

ಅರಪ್ಪಳಿ ಗೋಡೆಗೆ ಒರಗಿ ನಗಲು ತೊಡಗಿದ, ನಗುತ್ತಲೇ ಅತ್ತ. ನಲ್ಲಮ್ಮ ಗಂಡನ ಭುಜಕ್ಕೆ ಒಂದು ಗುದ್ದು ಕೊಟ್ಟು, "ಒಂದು ಕಲ್ಲಿಗೆ ಇಷ್ಟು ರಂಪ" ಎಂದಳು. ಚುಚ್ಚುಮದ್ದು ಹತ್ತಿ ಸಡೆಯಪ್ಪನ ಮೈ ಹತ್ತಿಯಂತಾಗಿತ್ತು. ಬದುಕಿದೆನೆಂಬ ಸಮಾಧಾನದ ಹಿಂದೆಯೇ ನಾಚಿಕೆ ಬಂದು ಕೂತಿತು. ಸಾಯುವವನೆಂದುಕೊಂಡು ಆಡಿದ ಮಾತನ್ನು ಈಗ ಬದುಕಿರುವವನಾಗಿ ಹೊರಬೇಕು.

ಆಸ್ಪತ್ರೆಯಲ್ಲಿದ್ದ ಎರಡು ದಿನ ಯಾರೂ ಅದರ ಸುದ್ದಿ ಎತ್ತಲಿಲ್ಲ. ತೇನ್ಮೊಳಿ ಹೊಸ ಟೈರು ಹಾಕಿಸಿ, ಉಬ್ಬು ಬಂದದ್ದನ್ನು ಇನ್ನು ಯಾರೂ ಬಳಸದಂತೆ ಅಂಗಡಿಯವನಿಂದಲೇ ಕುಯ್ಯಿಸಿದಳು. ಮಲೆಗೆ ಹಿಂತಿರುಗುವ ದಿನ ಸೇಂದಮಂಗಲದ ಕೂಡುರಸ್ತೆಯಲ್ಲಿ ಗಾಡಿ ಬಲಕ್ಕೆ ತಿರುಗಬೇಕಿತ್ತು. ಅವಳು ಎಡಕ್ಕೆ ತಿರುಗಿಸಿದಳು.

"ಇದು ರಾಸಿಪುರದ ರಸ್ತೆ" ಎಂದ ಸಡೆಯಪ್ಪನ್.

"ಗೊತ್ತು ಮಾವ. ಲಾರಿ ಮಗುಚಿ ಕೈ ಮುರಿದ ಪೆರಿಯಣ್ಣ ಅನ್ನೋರು ಬಸ್‌ಸ್ಟ್ಯಾಂಡ್ ಹಿಂದೆ ಇಡ್ಲಿ ಅಂಗಡಿ ಇಟ್ಟಿದಾರಂತೆ. ಟೈರು ಅಂಗಡಿಯವರು ಹೇಳಿದ್ರು."

"ಬೇಡಮ್ಮ."

"ಬೇಡ ಅಂದ್ರೆ ಹೇಳಿ, ಇಲ್ಲೇ ತಿರುಗಿಸ್ತೀನಿ."

ಅವಳು ಗಾಡಿಯನ್ನು ನಿಧಾನ ಮಾಡಿ ಕಾದಳು. ಹಿಂದೆ ಒಂದು ಬಸ್ಸು ಹಾರನ್ನು ಹೊಡೆಯಿತು. ಸಡೆಯಪ್ಪನ್ ಏನೂ ಹೇಳಲಿಲ್ಲ. ಅವಳು ಮುಂದೆ ಹೋದಳು.

ಪೆರಿಯಣ್ಣ ಎಡಗೈಯಲ್ಲಿ ಸಾಂಬಾರು ಬಡಿಸುತ್ತಿದ್ದ. ಬಲಗೈ ಎದೆಯ ಬಳಿ ಮಡಚಿಕೊಂಡೇ ಇತ್ತು. ತಲೆ ಪೂರ್ತಿ ನೆರೆತಿತ್ತು. ಸಡೆಯಪ್ಪನನ್ನು ನೋಡಿ ಸೌಟು ಕೆಳಗಿಟ್ಟ.

"ಬಾ" ಎಂದ. "ಇಡ್ಲಿ ಇದೆ, ವಡೆ ಖಾಲಿ."

"ಪೆರಿಯಣ್ಣ, ಆವತ್ತು ನಾನು ಟೈರು ನೋಡಿರಲಿಲ್ಲ."

ಬೆಂಚಿನ ಮೇಲಿದ್ದ ಇಬ್ಬರು ಗಿರಾಕಿಗಳು ತಲೆಯೆತ್ತಿ ಮತ್ತೆ ತಟ್ಟೆಯ ಕಡೆ ತಿರುಗಿದರು. ಪೆರಿಯಣ್ಣ ಟವಲಿನಲ್ಲಿ ಕೈ ಒರೆಸಿಕೊಂಡು ಎದುರು ಬಂದು ಕೂತ.

"ಗೊತ್ತು. ಗಾಡಿ ಮಗುಚಿದಾಗ ರಾಡು ನನ್ನ ಮುಖದ ಮುಂದೇನೇ ಬಿದ್ದಿತ್ತು. ಹೊರಗೆ ಅಷ್ಟು ಮಳೆ, ಕೆಸರು. ರಾಡು ಒಣಗಿತ್ತು."

"ಓನರಿಗೆ ಯಾಕೆ ಹೇಳಲಿಲ್ಲ?"

"ನೀನು ಹೇಳ್ತೀಯಾ ಅಂತ ನೋಡ್ತಿದ್ದೆ. ಎರಡು ವರ್ಷ ಕಾದೆ ಸಡೆಯ. ಸಿಟ್ಟಿತ್ತು. ನೀನು ಮಲೆ ಮೇಲೆ ಜೋಯಿಸ ಆಗಿದೀಯ ಅಂತ ಕೇಳಿದಾಗಂತೂ ಮೈಯೆಲ್ಲ ಉರೀತು. ಆಮೇಲೆ ಅಂಗಡಿ ಇಟ್ಟೆ, ಹೆಣ್ಮಕ್ಕಳ ಮದುವೆ ಆಯ್ತು. ಸಿಟ್ಟಿಗೆ ಪುರುಸೊತ್ತು ಸಿಗಲಿಲ್ಲ." ಟವಲನ್ನು ಹೆಗಲಿಗೆ ಹಾಕಿಕೊಂಡು ಸೇರಿಸಿದ: "ನಾನೂ ಜೋರಾಗೇ ಹೋಗ್ತಿದ್ದೆ. ಓನರು ಅಂದಿದ್ದು ಪೂರ್ತಿ ಸುಳ್ಳಲ್ಲ."

ಸಡೆಯಪ್ಪನ್ ಕೈ ಚಾಚಿ ಪೆರಿಯಣ್ಣನ ಮಡಚಿದ ತೋಳನ್ನು ಮುಟ್ಟಿದ. ಪೆರಿಯಣ್ಣ ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಕಾಯಿಲೆ ಏನೋ ನಿಂಗೆ? ಮುಖ ಇಳಿದುಹೋಗಿದೆ."

"ಕಿಡ್ನಿಯಲ್ಲಿ ಕಲ್ಲು."

"ಹಾಗಾದ್ರೆ ಮೊದಲು ನೀರು ಕುಡಿ" ಎಂದು ಪೆರಿಯಣ್ಣ ಒಂದು ಚೊಂಬನ್ನೇ ತಂದು ಮುಂದಿಟ್ಟ. "ಡ್ರೈವರು ಯಾರು, ಈ ಹುಡುಗೀನಾ? ತಿರುವು ಇಳಿಸಿದ್ಲಾ?"

"ಎಪ್ಪತ್ತನ್ನೂ. ಮಂಜಿನಲ್ಲಿ."

"ನಿಂಗಿಂತ ಪರವಾಗಿಲ್ಲ ಅನ್ನು."

"ಎಷ್ಟೋ ಮೇಲು" ಎಂದ ಸಡೆಯಪ್ಪನ್. ಆರು ಇಡ್ಲಿ ತಿಂದ. ಆಸ್ಪತ್ರೆಯ ಗಂಜಿಯಾದ ಮೇಲೆ ಅವನು ಮನಸ್ಸಿಟ್ಟು ತಿಂದದ್ದು ಅದೇ ಮೊದಲು.

ಹೊರಡುವಾಗ ಪೆರಿಯಣ್ಣ ಗಾಡಿಯವರೆಗೂ ಬಂದ. ಸಂಕ್ರಾಂತಿಯ ತೈ ತಿಂಗಳಲ್ಲಿ ಹೆಂಡತಿಯನ್ನು ಕರೆದುಕೊಂಡು ಮಲೆಗೆ ಬರುವುದಾಗಿ ಹೇಳಿ, ಒಂದು ಚೀಲ ಮೆಣಸು ತೆಗೆದಿರಿಸೆಂದ. ಅರಪ್ಪಳಿ ಅದನ್ನು ಒಪ್ಪಿಕೊಂಡ.

ಮತ್ತೆ ಕಾರವಳ್ಳಿ ದಾಟಿ ಏರು ಶುರುವಾಯಿತು. ಸಡೆಯಪ್ಪನ್ ಮೊದಲ ಎರಡು ತಿರುವುಗಳಲ್ಲಿ ಅಭ್ಯಾಸದಿಂದ ಕಾಲನ್ನು ನೆಲಕ್ಕೆ ಒತ್ತಿದ. ಆಮೇಲೆ ಬಿಟ್ಟುಬಿಟ್ಟ. ಮಧ್ಯೆ ಒಮ್ಮೆ ತಾನೇ ಗಾಡಿ ನಿಲ್ಲಿಸಲು ಹೇಳಿ ಪೊದೆಯ ಮರೆಗೆ ಹೋಗಿಬಂದ. ಹತ್ತನೆಯ ತಿರುವಿನ ಹೊತ್ತಿಗೆ ಅವನ ತಲೆ ಕಿಟಕಿಗೆ ಒರಗಿ ಬಾಯಿ ತೆರೆದಿತ್ತು. ಗೊರಕೆ ಇಂಜಿನ್ನಿಗಿಂತ ಜೋರಾಗಿತ್ತು. ನಲ್ಲಮ್ಮ ಎಬ್ಬಿಸಲು ಹೊರಟಾಗ ತೇನ್ಮೊಳಿ ಕನ್ನಡಿಯಲ್ಲೇ ನೋಡಿ ಬೇಡವೆಂದು ತಲೆಯಾಡಿಸಿ, ಗೇರು ಬದಲಿಸಿದಳು.