ದೇಜಪ್ಪ ಮಾಸ್ಟ್ರ ಒಂಬತ್ತು ಗಂಟೆ

ದೇಜಪ್ಪ ಮಾಸ್ಟ್ರು ಕಬ್ಬಿಣದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರೆ ನಾವು ಕೆಲಸ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆವು. ಮೂರು ದಿನ ಅರದಿಂದ ಉಜ್ಜಿ ಚೌಕ ಮಾಡಿದ ತುಂಡು. ಅದರ ಮೂಲೆಗೆ ತಮ್ಮ ಟ್ರೈ ಸ್ಕ್ವೇರ್, ಅಂದರೆ ಉಕ್ಕಿನ ಮೂಲೆಮಟ್ಟ, ಒತ್ತಿ ನೋಡುವರು. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಹ್ಯಾಕ್ಸಾ ಗರಗಸ ಕೈಗಿತ್ತು, ಎಲ್ಲರೆದುರು ನಮ್ಮಿಂದಲೇ ಅದನ್ನು ಎರಡು ಹೋಳು ಮಾಡಿಸುವರು. ನಾನು ಐದು ತುಂಡು ಕೊಯ್ದಿದ್ದೇನೆ. ಆರನೆಯದನ್ನು ನೋಡಿ ಏನೂ ಹೇಳದೆ ಮುಂದಿನವನ ಬಳಿ ಹೋದರು. ಅವರ ಶಹಬ್ಬಾಸ್‌ಗಿರಿ ಅಷ್ಟೇ.

ಮೂಡಬಿದಿರೆಯ ನಮ್ಮ ಐಟಿಐಯಲ್ಲಿ ಫಿಟ್ಟರ್ ಕಲಿಯುತ್ತಿದ್ದ ಒಬ್ಬಳೇ ಹುಡುಗಿ ನಾನು. ಮೊದಲ ದಿನ ಮಾಸ್ಟ್ರು ಬಸ್ ಪಾಸು, ಟೂಲ್ ಕಿಟ್, ವಿದ್ಯಾರ್ಥಿವೇತನ, ಕೊನೆಗೆ ಸಂಬಳ ಸಿಗುವ ಅಪ್ರೆಂಟಿಸ್ ಎಂದು ಸರ್ಕಾರ ಕೊಡುವುದನ್ನೆಲ್ಲ ಓದಿ ಹೇಳಿದರು. ಆಮೇಲೆ ಹಾಜರಿ ಪುಸ್ತಕ ಎತ್ತಿ ತೋರಿಸಿ, ನೂರಕ್ಕೆ ಎಂಬತ್ತು ಇದರಲ್ಲಿ ಇಲ್ಲದಿದ್ದರೆ ಉಳಿದದ್ದು ಯಾವುದೂ ಇಲ್ಲ ಎಂದರು. ಒಂಬತ್ತರ ಬೆಲ್ ಆದೊಡನೆ ವರ್ಕ್‌ಶಾಪಿನ ಬಾಗಿಲು ಹಾಕುತ್ತಿದ್ದರು. ಹುಡುಗರು ಅವರಿಗೆ ‘ಹ್ಯಾಕ್ಸಾ’ ಎಂದು ಹೆಸರಿಟ್ಟಿದ್ದರು.

ಎರಡನೆಯ ವರ್ಷ ಅಮ್ಮ ಆಸ್ಪತ್ರೆ ಸೇರಿ ನನಗೆ ಬಹಳ ರಜೆಯಾಯಿತು. ಹೇಗೋ ಲೆಕ್ಕ ಹಾಕಿ ಬರುತ್ತಿದ್ದೆ. ಒಂದು ದಿನ ವೇಣೂರಿನಿಂದ ಬರುವ ಬಸ್ಸು ಕೆಟ್ಟು ನಿಂತಿತು; ಓಡಿ ಬಂದಾಗ ಎಂಟು ನಿಮಿಷ ತಡ. ಬಾಗಿಲು ತೆರೆಯಲಿಲ್ಲ, ಆ ದಿನ ಗೈರುಹಾಜರಿ ಬಿತ್ತು. ಬಸ್ಸಿನ ಕಥೆಯನ್ನು ಅವರು ಕೇಳಲೇ ಇಲ್ಲ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಆ ಒಂದೇ ದಿನ ಕಡಿಮೆ. ಮಂಗಳೂರಿನ ಕಂಪನಿಯೊಂದು ಅಪ್ರೆಂಟಿಸ್‌ಗೆ ನನ್ನನ್ನು ಆಗಲೇ ಆರಿಸಿತ್ತು. ಅಮ್ಮನ ಆಸ್ಪತ್ರೆ ಚೀಟಿ ಹಿಡಿದು ಮಾಸ್ಟ್ರೆದುರು ನಿಂತು ಅತ್ತೆ.

“ಚೀಟಿ ಸುಳ್ಳು ಅಂತ ನಾನು ಹೇಳ್ಲಿಲ್ಲ. ಆದ್ರೆ ಈ ಕೋರ್ಸಿಗೆ ಮಾನ್ಯತೆ ಉಂಟು ಅಂದ್ರೆ ಏನು? ನಾನು ಬರೆದದ್ದನ್ನು ಕಾಣದ ಊರಿನವರೂ ನಂಬ್ತಾರೆ ಅಂತ. ನಿನಗೋಸ್ಕರ ಒಂದು ದಿನ ಸುಳ್ಳು ಬರೆದ್ರೆ ಎಲ್ಲರ ಸರ್ಟಿಫಿಕೇಟೂ ಸುಳ್ಳು ಮಾರಾಯ್ತಿ,” ಎಂದರು.

ಹಾಲ್ ಟಿಕೆಟ್ ಬರಲಿಲ್ಲ. ಕಂಪನಿಯೂ ಹೋಯಿತು. ಮರುವರ್ಷ ಕಿರಿಯರ ಜೊತೆ ಕೂತು ಪಾಸಾದೆ, ಬಂಟ್ವಾಳದ ಸಣ್ಣ ಗ್ಯಾರೇಜಿನಲ್ಲಿ ಕೈ ಸುಟ್ಟುಕೊಂಡು ದುಡಿದೆ. ಆ ಮನುಷ್ಯನನ್ನು ನಾನು ದಿನವೂ ಶಪಿಸಿದ್ದೇನೆ. ಬೋಧಕರ ತರಬೇತಿ ಮುಗಿಸಿದ್ದೂ ಅರ್ಧ ಅದೇ ಹಟದಿಂದ. ಅವರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ನಾನೇ ಬಂದೆ. ಬಾಗಿಲು ಹಾಕುವ ಪದ್ಧತಿಯನ್ನು ಮಾತ್ರ ಬಿಡಲಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ, ಬೆಲ್ ಆದ ಮೇಲೆ ಯಾರೋ ಬಾಗಿಲು ತಟ್ಟಿದರು. ತೆರೆದು ನೋಡಿದರೆ ದೇಜಪ್ಪ ಮಾಸ್ಟ್ರು. ಅಂಗಿ ಒಳಗೆ ಮನುಷ್ಯನೇ ಇಲ್ಲದಷ್ಟು ಸೊರಗಿದ್ದರು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು. ಒಳಗೆ ಬರುತ್ತೇನೆ, ಕಬ್ಬಿಣ ಕಚ್ಚಿ ಹಿಡಿಯುವ ಆ ವೈಸನ್ನು ಒಮ್ಮೆ ಮುಟ್ಟಿ ಹೋಗುತ್ತೇನೆ ಎಂದರು. ಹಿಂದೆ ಹುಡುಗರೆಲ್ಲ ನೋಡುತ್ತಿದ್ದರು.

“ಬೆಲ್ ಆಗಿದೆ ಸರ್. ನಾಳೆ ಬನ್ನಿ,” ಎಂದೆ.

ಅವರು ಗಡಿಯಾರ ನೋಡಿಕೊಂಡು, “ಹೌದು, ಐದು ನಿಮಿಷ,” ಎಂದು ಹಿಂದೆ ತಿರುಗಿದರು. ಗೇಟಿನವರೆಗೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ನನಗೆ ಬೇಸರವಾಗಲಿಲ್ಲ. ಸುಳ್ಳೇಕೆ, ಖುಷಿಯಾಯಿತು. ಮಧ್ಯಾಹ್ನದ ಊಟವೂ ಆ ದಿನ ರುಚಿಯಾಗಿತ್ತು.

ಮರುದಿನ ಅವರು ಬರಲಿಲ್ಲ. ಎರಡು ವಾರಕ್ಕೆ ತೀರಿಹೋದ ಸುದ್ದಿ ಬಂತು. ತೋಡಾರಿನಲ್ಲಿದ್ದ ಅವರ ಮನೆಗೆ ಹೋದಾಗ ಹೆಂಡತಿ ಅದೇ ಪೇಪರಿನ ಕಟ್ಟು ತಂದು ಕೈಗಿಟ್ಟರು. ಒಳಗೆ ಅವರ ಟ್ರೈ ಸ್ಕ್ವೇರ್ ಇತ್ತು, ಎಣ್ಣೆ ಹಚ್ಚಿ ಒರೆಸಿದ್ದು.

“ನಿನಗೆ ಕೊಡ್ಲಿಕ್ಕೆ ಅಂತ ತಂದದ್ದು ಮಗಾ. ಆ ದಿನ ಬಸ್ಸು ಕೈಕೊಟ್ಟಿತು, ತಡ ಆದ ತಪ್ಪು ನನ್ನದೇ ಅಂತ ಅವರೇ ಹೇಳಿದ್ರು,” ಎಂದರು.

ಅಂದು ಬಾಗಿಲಲ್ಲಿ ಬಸ್ಸಿನ ವಿಷಯ ನಾನೂ ಕೇಳಿರಲಿಲ್ಲ.