ಹುಳುಮನೆ ಹೊಸ್ತಿಲಲ್ಲಿ ಒಂದು ತುಂಡು ಮೊಟ್ಟೆ

ಕೇಳ್ರಪ್ಪಾ, ನಮ್ಮ ರೇಷ್ಮೆ ಹುಳುಮನೆ ಬಾಗಿಲಲ್ಲಿ ಇವತ್ತು ಇಬ್ಬರು ಪಾಸಾದರು.

ಹೊರಗಿನ ಮಣ್ಣು ಒಳಗೆ ಬಂದರೆ ಹುಳುವಿಗೆ ರೋಗ. ಅದಕ್ಕೇ ನಮ್ಮ ನಾಯಿ ಕರಿಯನಿಗೆ ಹೊಸ್ತಿಲು ದಾಟದೆ ಕೂರುವುದನ್ನು ಕಲಿಸುತ್ತಿದ್ದೇನೆ. ಏಟಿಲ್ಲ, ಬೈಗುಳವಿಲ್ಲ, ಕೂತರೆ ಬೆಂದ ಮೊಟ್ಟೆಯ ತುಂಡು, ಜೊತೆಗೊಂದು ಹೊಗಳಿಕೆ. "ನಾಯಿಗೆ ಇಷ್ಟೊಂದು ಉಪಚಾರಾನಾ?" ಎಂದು ಮೂಗು ಮುರಿದಿದ್ದ ಅತ್ತೆಯೇ ಇವತ್ತು ಮೊಟ್ಟೆ ಹಿಡಿದು ನಿಂತಿದ್ದರು. ಕರಿಯ ಬಂದವನು ಹೊಸ್ತಿಲ ಹೊರಗೇ ಕೂತ.

"ಜಾಣ ಕಣೋ, ನನ್ ಬಂಗಾರ!" ಅಂದರು ಅತ್ತೆ.

ಹಿಂದೆಯೇ ಮಾವ. ತಲೆ ಮೇಲೆ ಸೊಪ್ಪಿನ ಹೊರೆ, ಕಾಲಲ್ಲಿ ತೋಟದ ಕೆಸರು. "ಕಾಲು ತೊಳ್ಕೊಂಡು ಬರ್ರೀ" ಎಂದು ಅತ್ತೆ ಮದುವೆಯಾದಾಗಿನಿಂದ ಕೂಗುತ್ತಿದ್ದಾರೆ. ಮಾವನಿಗೆ ಅದು ಕೇಳಿಸಿದ್ದೇ ಇಲ್ಲ. ಇವತ್ತು ಅತ್ತೆ ಕೂಗಲಿಲ್ಲ. ಮೊಟ್ಟೆ ಹಿಡಿದೇ ಬಾಗಿಲಲ್ಲಿ ನಿಂತರು. ಮಾವ ಅವರನ್ನು ನೋಡಿದರು, ಕೂತಿದ್ದ ಕರಿಯನನ್ನು ನೋಡಿದರು, ಹೊರೆ ಇಳಿಸಿ ನಲ್ಲಿಗೆ ಹೋದರು. ತೊಳೆದು ಬಂದವರ ಬಾಯಿಗೆ ಅತ್ತೆ ಇನ್ನೊಂದು ತುಂಡು ಮೊಟ್ಟೆ ಇಟ್ಟು, "ನೀವೂ ಜಾಣ ಕಣ್ರೀ" ಅಂದರು.

"ಥೂ, ಸೊಸೆ ಮುಂದೆ ಏನೇ ಇದು!" ಎಂದು ಮಾವ ಗದರಿದರು.

ಸ್ವಲ್ಪ ಹೊತ್ತಿಗೆ ನೋಡಿದರೆ ಮತ್ತೆ ನಲ್ಲಿ ಕೆಳಗೆ ಕಾಲೊಡ್ಡಿ ನಿಂತಿದ್ದರು. ಆ ಕಾಲಲ್ಲಿ ಕೆಸರೇ ಇರಲಿಲ್ಲ.